ಓದದೆ ಬಿಟ್ಟ ಸಾಲು

ನನ್ನ ಗೆಳೆಯನಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಹರೆಯದಲ್ಲಿ ಕಬ್ಬು ಹೇರಿದ ಚಕ್ಕಡಿಯ ಮೇಲಿಂದ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಗಿತ್ತು. ಗಾಯ ಹದಿನೈದು ದಿನದಲ್ಲಿ ಮಾಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಒಗ್ಗರಣೆ, ಸೆಗಣಿ, ಮೊದಲ ಮಳೆಯ ಮಣ್ಣು, ಎಲ್ಲವೂ ಅವನಿಗೆ ಒಂದೇ. ಊರಲ್ಲಿ ನಾಯಿ ಸತ್ತು ನಾರಿದರೆ, ಬಾವಿಯಲ್ಲಿ ಬೆಕ್ಕು ಬಿದ್ದು ಕೊಳೆತರೆ ಜನ ಅವನನ್ನೇ ಕರೆಯುತ್ತಿದ್ದರು. ಅವನೂ ಬೇಸರಪಡದೆ ಹೋಗಿ ಎತ್ತಿಹಾಕಿ ಬರುತ್ತಿದ್ದ.

"ಆ ಮೂಗ ಎದಕ್ಕ ಇಟ್ಕೊಂಡೀಯಲೇ? ಯಾರಿಗರೆ ಕೊಟ್ಟಬಿಡು" ಎಂದು ನಾನು ಕಾಡುತ್ತಿದ್ದೆ.

"ಕೊಡಾಂಗಿಲ್ಲಪಾ. ಮುಪ್ಪಿನಾಗ ಚಾಳೀಸ ಇಡಾಕ ಜಾಗಾ ಬೇಕು" ಎನ್ನುತ್ತಿದ್ದ.

ಈಗ ನಮ್ಮಿಬ್ಬರಿಗೂ ಎಪ್ಪತ್ತು ದಾಟಿದೆ. ಅವನು ಚಾಳೀಸಿನ ಕನ್ನಡಕ ಹಾಕುತ್ತಾನೆ. ಆದರೆ ಅದನ್ನು ಅವನ ಹೆಂಡತಿಯೇ ಏರಿಸಿಕೊಡಬೇಕು. ಅವನ ಕೈ ಕಿವಿಯವರೆಗೆ ನೆಟ್ಟಗೆ ಹೋಗುವುದಿಲ್ಲ. ಆ ಕೈ ಹಾಗಾಗುವುದರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೇಲವಂಕಿಯ ಹತ್ತಿರ, ಕಾಲುವೆ ನೀರು ಬರುವ ಕಡೆ ನಮ್ಮ ಹೊಲಗಳಿವೆ. ಅವನದು ಎರಡು ಎಕರೆ, ನನ್ನದು ಎರಡೂವರೆ, ನಡುವೆ ಒಂದು ಬದು. ಬದನೆ, ಮೆಣಸಿನಕಾಯಿ, ಹೂಕೋಸು ಬೆಳೆದು ಗೋಕಾಕದ ಸಂತೆಗೆ ಒಯ್ಯುತ್ತಿದ್ದೆವು. ಆಳು ಇಟ್ಟುಕೊಳ್ಳುವ ಶಕ್ತಿ ಇಬ್ಬರಿಗೂ ಇರಲಿಲ್ಲ, ಅದಕ್ಕೆ ಮುಯ್ಯಾಳಿನ ಮೇಲೆ ನಡೆಸಿದೆವು. ಒಂದು ದಿನ ನಾನು ಅವನ ಹೊಲದಲ್ಲಿ ದುಡಿದರೆ ಇನ್ನೊಂದು ದಿನ ಅವನು ನನ್ನ ಹೊಲದಲ್ಲಿ. ದುಡ್ಡಿನ ಮಾತಿಲ್ಲ. ದಿನಕ್ಕೆ ದಿನ, ಬೆವರಿಗೆ ಬೆವರು.

ಬೆಳೆಗೆ ಔಷಧ ಹೊಡೆಯುವುದನ್ನೂ ಹಾಗೆಯೇ ಹಂಚಿಕೊಂಡಿದ್ದೆವು. ಒಮ್ಮೆ ನನ್ನ ಪಾಳಿ ಇದ್ದಾಗ, ಮಟಮಟ ಮಧ್ಯಾಹ್ನ, ಬದನೆಯ ನಡುವೆ ಗಾಳಿ ತಿರುಗಿತು. ಬಾಯಲ್ಲಿ ನೀರು ಸುರಿಯತೊಡಗಿತು. ಕಣ್ಣು ಮಂಜಾದವು, ಎದೆ ಬಿಗಿಯಿತು, ಬೆಳಗ್ಗೆ ತಿಂದಿದ್ದೆಲ್ಲ ಹೊರಬಂತು. ಅವನು ಓಡಿಬಂದು ಬೆನ್ನಿನ ಔಷಧದ ಪಂಪ್ ಬಿಚ್ಚಿ, ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಕಾಲುವೆಗೆ ಒಯ್ದ. ಅಂಗಿ ಕಿತ್ತೆಸೆದು ಮೈಯೆಲ್ಲ ತಿಕ್ಕಿ ತೊಳೆದ. ಸಾಯಂಕಾಲದ ಹೊತ್ತಿಗೆ ನಾನು ಎದ್ದು ಕೂತೆ.

"ನಿನ್ನ ಮೂಗ ಭಾಳ ಚುರುಕ ಐತಿ, ಅದಕ್ಕ ಹಿಂಗಾತು" ಎಂದ. "ಅದು ವಾಸನೀ ಹಾದೀಲೆ ಒಳಗ ಹೋಗ್ತೈತಿ. ನನ್ನ ಹಾದಿ ಬಂದ್ ಐತಿ. ಇನ್ನ ಮ್ಯಾಲ ಪಂಪ ನಾ ಹೊರತೇನಿ. ನೀ ಸಂತಿ ನೋಡ್ಕೊ, ಕಾಗದಾಪತ್ರ ನೋಡ್ಕೊ."

ಔಷಧದ ವಾಸನೆಯೇ ಔಷಧದ ವಿಷ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಈಗಲೂ ಮೂಗಿಗೆ ಟವೆಲ್ಲು ಸುತ್ತಿ ಬರಿಗಾಲಲ್ಲಿ, ಬರಿಗೈಯಲ್ಲಿ ಹೊಡೆಯುವವರನ್ನು ದಿನಾ ನೋಡುತ್ತೇನೆ. ಆ ಲೆಕ್ಕದಲ್ಲಿ ವಾಸನೆ ಬಾರದವನಿಗಿಂತ ಯೋಗ್ಯ ಮನುಷ್ಯ ಯಾರು? ನಾನು ಒಪ್ಪಿಕೊಂಡೆ. ಒಪ್ಪಿಕೊಂಡೆ ಎನ್ನುವುದು ಸಣ್ಣ ಮಾತು. ನನಗೆ ಜೀವ ಬಂದಂತಾಯಿತು. ಆ ಮಧ್ಯಾಹ್ನದ ನಂತರ ಪಂಪ್ ಮುಟ್ಟಲು ನನಗೆ ಹೆದರಿಕೆಯಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅಲ್ಲಿಯವರೆಗೆ ತಿಳಿಯದೆ ಮಾಡಿದ್ದು ಎನ್ನಬಹುದು. ಮುಂದಿನದು ಹಾಗಲ್ಲ.

ಮರುವರ್ಷ ಮೂಡಲಗಿಯಿಂದ ಹೊಸದೊಂದು ಔಷಧ ತಂದೆ. ಬಾಟಲಿಯ ಜೊತೆ ಮಡಚಿದ ಕಾಗದವಿತ್ತು. ಹಲವು ಭಾಷೆಗಳಲ್ಲಿ, ಇರುವೆಯಂಥ ಅಕ್ಷರ. ನಾನು ಗೋಕಾಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು, ಅವನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಬದುವಿನ ಮೇಲೆ ಕೂತು ನಾನು ಓದತೊಡಗಿದೆ. ಕನ್ನಡದ ಭಾಗದಲ್ಲಿ ಒಂದು ಸಾಲು ಇತ್ತು: ಇದು ಚರ್ಮದ ಮೂಲಕವೂ ಮೈ ಸೇರುತ್ತದೆ, ಕೈಗವಸು ಹಾಕಬೇಕು, ಮೈ ತೋಯಬಾರದು, ನಳಿಗೆಯನ್ನು ಬಾಯಿಂದ ಊದಬಾರದು. ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿದೆ.

"ಏನ ಬರದಾರಲೇ ಇಷ್ಟ, ಪುರಾಣದಂಗ?" ಎಂದು ಕೇಳಿದ.

"ಒಂದ ಪಂಪಿಗೆ ಎಷ್ಟ ಹಾಕಬೇಕು ಅಂತ. ಗಾಳಿ ಎದುರ ಹೊಡೀಬಾರ್ದು. ವಾಸನಿ ತಗೋಬಾರ್ದು."

"ಅದು ನನಗ ಹತ್ತೂದಿಲ್ಲ ಬಿಡು. ಈ ಕೈ ಚಿತ್ರ ಎದಕ್ಕ ಐತಿ?"

"ಆದಮ್ಯಾಲ ಕೈ ತೊಳ್ಕೊ ಅಂತ."

"ಇಷ್ಟಕ್ಕ ಇಷ್ಟ ದೊಡ್ಡ ಕಾಗದಾ?"

"ಉಳದದ್ದ ಬ್ಯಾರೆ ಭಾಷಾದಾಗ ಐತಿ."

ಅವನು ನಕ್ಕು, ತೋಳು ಮೇಲೇರಿಸಿ, ಬಕೆಟ್ಟಿನ ನೀರಿಗೆ ಔಷಧ ಸುರಿದು ಮೊಣಕೈವರೆಗೆ ಕೈಹಾಕಿ ತಿರುವಿದ. ಹಾಲಿನಂತೆ ಬೆಳ್ಳಗಾಯಿತು ನೀರು. ನಾನು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಆ ಸಾಲನ್ನು ಗಟ್ಟಿಯಾಗಿ ಓದಿದ್ದರೆ ಪಂಪ್ ಮತ್ತೆ ಪಾಳಿಯ ಮೇಲೆ ನನ್ನ ಬೆನ್ನಿಗೂ ಬರುತ್ತಿತ್ತು. ಅಷ್ಟೇ ಕಾರಣ. ಬೇರೆ ಯಾವ ದೊಡ್ಡ ಕಾರಣವನ್ನೂ ಇಷ್ಟು ವರ್ಷ ಹುಡುಕಿ ನಾನು ಕಂಡುಕೊಂಡಿಲ್ಲ.

ಆಮೇಲೆ ಎಷ್ಟೋ ಹಂಗಾಮು ಅವನೇ ಹೊಡೆದ. ತನ್ನ ಹೊಲಕ್ಕೆ, ನನ್ನ ಹೊಲಕ್ಕೆ. ಔಷಧ ಹತ್ತದ ಮನುಷ್ಯ ಎಂಬ ಸುದ್ದಿ ಹಬ್ಬಿ, ಮಸಗುಪ್ಪಿಯಲ್ಲಿದ್ದ ನನ್ನ ಬೀಗರ ಮೆಣಸಿನ ತೋಟಕ್ಕೂ ಮುಯ್ಯಿಗೆ ಹೋಗಿಬಂದ. ನಮ್ಮ ಪಂಪ್ ಸೋರುತ್ತಿತ್ತು. ಅವನ ಬೆನ್ನು ಯಾವಾಗಲೂ ತೊಯ್ದಿರುತ್ತಿತ್ತು, ಪಂಪಿನ ಪಟ್ಟಿಯ ಕೆಳಗೆ ಕೊರಳ ಶಿವದಾರವೂ ತೊಯ್ದಿರುತ್ತಿತ್ತು. ನಳಿಗೆಯಲ್ಲಿ ಕಸ ಕಟ್ಟಿಕೊಂಡರೆ ಬಾಯಿಗಿಟ್ಟು ಊದುತ್ತಿದ್ದ. ನಾನು ಸಂತೆಯಿಂದ ಬರುವಾಗ ಪ್ರತಿಸಲ ಅವನಿಗೊಂದು ಸಾಬೂನು ತರುತ್ತಿದ್ದೆ.

"ನಮ್ಮವರ ಬಗ್ಗೆ ಅಣ್ಣಾರಿಗೆ ಎಷ್ಟ ಕಾಳಜಿ!" ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಆಕೆ ನನ್ನನ್ನು ಅಣ್ಣ ಎಂದು ಕರೆಯುತ್ತಾಳೆ, ನಾನು ಆಕೆಯನ್ನು ತಂಗಿ ಎನ್ನುತ್ತೇನೆ. ಮಾತು ಕೇಳಿ ನಾನು ಬೇರೆ ಕಡೆ ನೋಡುತ್ತಿದ್ದೆ.

ಮೊದಲು ಕಂಡಿದ್ದು ಅವನ ಚಪ್ಪಲಿ. ಒಂದು ಸಂಜೆ ಹೊಲದಿಂದ ಮನೆಗೆ ಹೊರಟಿದ್ದೆವು. ನೋಡಿದರೆ ಅವನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಬಿತ್ತೋ ಅವನಿಗೆ ತಿಳಿದೇ ಇರಲಿಲ್ಲ. ಕಲ್ಲು ತುಳಿದ ಅಂಗಾಲಿನಿಂದ ರಕ್ತ ಬರುತ್ತಿತ್ತು, ಅದೂ ತಿಳಿದಿರಲಿಲ್ಲ.

"ಮೂಗಿನ ಹಿಂದ ಕಾಲೂ ರಜಾ ಹಾಕೇತಿ ನೋಡಲೇ" ಎಂದು ನಕ್ಕ. ನಾನೂ ನಕ್ಕೆ. ಹಿಂದಕ್ಕೆ ಹೋಗಿ ಕಾಲುವೆಯ ದಂಡೆಯಲ್ಲಿ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡು ಬಂದೆ.

ಆಮೇಲೆ ಕೈ. ಚಹಾ ಬಸಿಯಲ್ಲಿ ಸುರಿದುಕೊಂಡರೆ ತುಟಿಗೆ ಬರುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಹೇಳಿದ ಮಾತನ್ನೇ ಮತ್ತೆ ಹೇಳುತ್ತಿದ್ದ. ಅವನನ್ನು ಕರೆದುಕೊಂಡು ಗೋಕಾಕದ ಒಬ್ಬ ಡಾಕ್ಟರ ಹತ್ತಿರ ಹೋದೆ. ರಕ್ತ ಕೊಡಲು ಅವನನ್ನು ಆಚೆ ಕೋಣೆಗೆ ಕಳಿಸಿ, ಡಾಕ್ಟರು ನನ್ನನ್ನು ಕೇಳಿದರು.

"ಹೊಲಕ್ಕ ಔಷಧ ಹೊಡೀತಾರೇನ್ರಿ ಇವರು?"

"ಎಲ್ಲಾರ ಹಂಗ ರಿ. ವರ್ಷಕ್ಕ ಒಂದೆರಡ ಸಲ."

"ಕುಡೀತಾರೇನು? ಲಿಂಗ ಕಟ್ಟಿದಾವ್ರು ಹೌದು, ಆದರೂ ಖರೆ ಹೇಳ್ರಿ. ಅವರ ಮುಂದ ಹೇಳಾಂಗಿಲ್ಲ ನಾ."

ಅವನು ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಹಾಗೆಂದು ಹೇಳಿದರೆ ಡಾಕ್ಟರು ಮತ್ತೆ ಔಷಧಕ್ಕೆ ಬರುತ್ತಾರೆ, ಯಾವ ಔಷಧ, ಎಷ್ಟು ವರ್ಷ, ಕಾಗದ ಓದಲಿಲ್ಲವೇ ಎಂದು ಕೇಳುತ್ತಾರೆ ಅನ್ನಿಸಿತು. ಊರಲ್ಲಿ ಎಲ್ಲರ ಬಾಟಲಿಯ ಕಾಗದ ಓದಿಕೊಡುವವನು ನಾನೇ. ನನಗಿದ್ದ ಮರ್ಯಾದೆ ಅದೊಂದೇ. ನಾನು ತಲೆ ತಗ್ಗಿಸಿ ನೆಲ ನೋಡಿದೆ. ಡಾಕ್ಟರು ಅದನ್ನು ಹೌದು ಎಂದು ತಿಳಿದುಕೊಂಡು ಏನೋ ಬರೆದರು.

ಮುಂದಿನ ಸಲ ಅವನ ಜೊತೆ ಹೋದದ್ದು ಅವನ ಹೆಂಡತಿ. "ಮೊದಲ ಕುಡಿಯೂದು ಬಿಡಸ್ರಿ" ಎಂದು ಡಾಕ್ಟರು ಆಕೆಗೆ ಹೇಳಿದರಂತೆ. ಆಕೆ ನೇರವಾಗಿ ನನ್ನ ಹೊಲಕ್ಕೆ ಬಂದಳು. ನಾನು ಬದನೆ ಬಿಡಿಸುತ್ತಿದ್ದೆ.

"ಅಣ್ಣಾರ, ನೀವು ದಿನಾ ಅವರ ಕೂಡ ಇರ್ತೀರಿ. ನಮ್ಮವರು ಕುಡೀತಾರೇನು?"

ಇಲ್ಲ ಎನ್ನುವ ಎರಡಕ್ಷರ ಸಾಕಿತ್ತು. ನಾನು ಹೇಳಿದ್ದು: "ನನ್ನ ಮುಂದಂತೂ ಕುಡದಿಲ್ಲ, ತಂಗಿ."

ಆಕೆ ಸೆರಗು ಸರಿಮಾಡಿಕೊಂಡು ಹೋದಳು. ನಾನು ಬುಟ್ಟಿ ತುಂಬುವವರೆಗೂ ತಲೆ ಎತ್ತಲಿಲ್ಲ.

ಆ ಮನೆಯಲ್ಲಿ ಏನೇನಾಯಿತೋ ನಾನು ಕೇಳಲಿಲ್ಲ. ಹುಕ್ಕೇರಿಯಲ್ಲಿ ಆಕೆಯ ತವರು. ಒಂದು ಸಲ ಅಲ್ಲಿಗೆ ಹೋದವಳು ನಾಲ್ಕು ತಿಂಗಳು ಬರಲಿಲ್ಲ. ಊರಲ್ಲಿ ಕೈ ನಡುಗುವವನ ಬೆನ್ನ ಹಿಂದೆ ಜನ ಹೆಬ್ಬೆರಳನ್ನು ಬಾಯಿಗೆ ತೋರಿಸಿ ನಗುತ್ತಿದ್ದರು. ಅವನು ತಾನೇ ರೊಟ್ಟಿ ಸುಟ್ಟುಕೊಂಡು ತಿನ್ನುತ್ತಿದ್ದ. ಕರಕಲಾದರೂ ತಿಳಿಯದು. "ಯಾಕ ಹೋದಳೋ ಗೊತ್ತಿಲ್ಲಲೇ. ನಾ ಏನೂ ಅಂದಿಲ್ಲ" ಎನ್ನುತ್ತಿದ್ದ ನನಗೆ. ಔಷಧ ಬಿಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಆ ನಡುಗುವ ಕೈಯಿಂದಲೇ ಇನ್ನೂ ಎರಡು ಹಂಗಾಮು ಅವನು ಔಷಧ ಹೊಡೆದ. ನನ್ನ ಹೊಲಕ್ಕೂ ಹೊಡೆದ. ಒಂದು ದಿನ ಪಂಪ್ ಸಮೇತ ಸಾಲಿನಲ್ಲಿ ಬಿದ್ದ ಮೇಲೆ ನಿಂತಿತು.

ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಮಗ, ಸೊಸೆ, ಮೊಮ್ಮಕ್ಕಳು ಮನೆ ತುಂಬ ಇದ್ದಾರೆ. ಊಟಕ್ಕೆ ಕರೆಯುತ್ತಾರೆ, ಗುಳಿಗೆ ನೆನಪಿಸುತ್ತಾರೆ. ಆದರೆ ಅವರು ನಗುವ ವಿಷಯಕ್ಕೆ ನಾನು ತಡವಾಗಿ ನಗುತ್ತೇನೆ, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ನನಗೆ ಮಾತಾಡುವ ಮನೆ ಎಂದರೆ ಗೆಳೆಯನದೊಂದೇ. ಅಲ್ಲಿಯೂ ಒಂದು ಮಾತು ಬಿಟ್ಟು ಉಳಿದವನ್ನು ಆಡುತ್ತಿದ್ದೆ. ಆ ಒಂದು ಮಾತು ದಿನದಿನಕ್ಕೆ ಎಷ್ಟು ಜಾಗ ಹಿಡಿಯಿತೆಂದರೆ, ಕೊನೆಗೆ ಅವನ ಎದುರು ಸುಮ್ಮನೆ ಕೂತು ಎದ್ದು ಬರುವಂತಾಯಿತು.

ಬೆಳಗಿನ ಹೊತ್ತು ಅವನು ಲಿಂಗಪೂಜೆಗೆ ಕೂರುತ್ತಾನೆ. ಕೊರಳಿನ ಲಿಂಗ ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು, ನೀರು ಹನಿಸಿ, ವಿಭೂತಿ ಹಚ್ಚಿ, ಅದನ್ನೇ ನೋಡುತ್ತ ಕೂರಬೇಕು. ಆ ಅಂಗೈ ಅವನ ಮಾತು ಕೇಳುವುದಿಲ್ಲ. ಎರಡು ಸಲ ಲಿಂಗ ಉರುಳಿ ಮಡಿಲಿಗೆ ಬಿದ್ದಿತ್ತು. ಅಂದಿನಿಂದ ನಾನು ಎದುರು ಕೂತು ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದೆ. ನನ್ನ ಕೈಯೊಳಗೆ ಅವನ ಕೈ, ಹಿಡಿದ ಗುಬ್ಬಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು.

"ಬಿಗಿ ಹಿಡಿಯಲೇ. ನಿನ್ನ ಕೈ ನಡಗಾಕತ್ತಾವು" ಎಂದು ನನಗೇ ಬಯ್ಯುತ್ತಿದ್ದ.

ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ನಾನು ಸ್ವಲ್ಪ ಬೇಗ ಹೋದೆ. ಬಾಗಿಲು ತೆರೆದಿತ್ತು. ಅವನ ಹೆಂಡತಿ ಅವನಿಗೆ ಚಾಳೀಸು ಹಾಕಲು ಬಗ್ಗಿದ್ದಳು. ಹಾಕಿದ ಮೇಲೆ, ಅವನ ತುಟಿಯ ಹತ್ತಿರ ಮುಖ ತಂದು, ಮೆಲ್ಲಗೆ ಉಸಿರು ಎಳೆದುಕೊಂಡಳು. ಒಲೆಯ ಮೇಲಿನ ಹಾಲು ಕೆಟ್ಟಿದೆಯೋ ಎಂದು ನೋಡುವ ಹಾಗೆ. ಅದು ಯಾತಕ್ಕೆಂದು ಅವನಿಗೆ ತಿಳಿಯಲಿಲ್ಲ. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ದಿನಾ ಮಾಡುವ ಕೆಲಸದ ಮುಖ ಅದು.

ನಾನು ಹೊಸ್ತಿಲ ಮೇಲೆಯೇ ಕೂತೆ.

"ತಂಗಿ, ಏನ ಮಾಡಿದಿ ಈಗ?"

ಆಕೆ ಬೆಚ್ಚಿದಳು. ಆಮೇಲೆ ತಣ್ಣಗೆ ಹೇಳಿದಳು: "ಬಾಯಿ ಮೂಸಿ ನೋಡಿದೆ ರಿ. ಮೂರ ವರ್ಷಾತು, ದಿನಾ ನೋಡ್ತೇನಿ. ಒಂದ ದಿನಾನೂ ಏನೂ ಸಿಕ್ಕಿಲ್ಲ. ಎಲ್ಲಿ ಕುಡೀತಾರೋ, ಯಾವಾಗ ಕುಡೀತಾರೋ!"

ಆಗ ಹೇಳಿದೆ. ಎಲ್ಲವನ್ನೂ. ಕಾಗದದ ಸಾಲು, ಕೈಯ ಚಿತ್ರ, ಡಾಕ್ಟರ ಮುಂದೆ ನೆಲ ನೋಡಿದ್ದು, ಬದನೆ ಸಾಲಿನಲ್ಲಿ ಹೇಳದೆ ಬಿಟ್ಟ 'ಇಲ್ಲ'. ಹೇಳುವಾಗ ನನ್ನ ದನಿ ಎಲ್ಲೂ ಒಡೆಯಲಿಲ್ಲ. ಅಷ್ಟು ವರ್ಷ ಒಳಗೇ ಹೇಳಿಕೊಂಡು ಬಾಯಿಪಾಠವಾಗಿತ್ತು. ಅವನು ಬಯ್ಯುತ್ತಾನೆ, ಹೊಡೆಯುತ್ತಾನೆ, ಇಲ್ಲವೇ ಹೋಗಲಿ ಬಿಡಲೇ ಎನ್ನುತ್ತಾನೆ ಎಂದು ಯೋಚಿಸಿಕೊಂಡಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಅವನು ಹೆಂಡತಿಯನ್ನು ನೋಡುತ್ತಿದ್ದ.

"ನೀ ದಿನಾ ನನ್ನ ಬಾಯಿ ಮೂಸ್ತಿದ್ದೇನ?" ಎಂದು ಕೇಳಿದ.

ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಾ ತಿಳಕೊಂಡಿದ್ದೆ..." ಎಂದು ನಿಲ್ಲಿಸಿದ. ಅಷ್ಟು ಹತ್ತಿರ ಬರುವ ಮುಖವನ್ನು ಅವನು ಏನೆಂದು ತಿಳಿದುಕೊಂಡಿದ್ದನೋ ನನಗೂ ತಿಳಿಯಿತು, ಆಕೆಗೂ ತಿಳಿಯಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ಅವನ ಕೈ ಆಕೆಯ ಕಡೆ ಹೊರಟಿತು, ನಡುಗಿ ದಾರಿ ತಪ್ಪಿ ಹಾಸಿಗೆಯ ಅಂಚಿಗೆ ಬಡಿಯಿತು. ಅದನ್ನು ಹಿಡಿಯಲು ನಾನು ಏಳಹೋದೆ.

"ಅಣ್ಣಾರ," ಎಂದಳು ಆಕೆ, ತಿರುಗದೆ. "ನೀವು ಇನ್ನ ನಡೀರಿ."

ನಾನು ಬಂದೆ. ಅಂದು ಪೂಜೆಗೆ ಅವನ ಕೈಯನ್ನು ಯಾರು ಹಿಡಿದರೋ.

ಮರುದಿನ ಗೋಕಾಕಕ್ಕೆ ಬಸ್ಸು ಹತ್ತಿದೆ. ಡಾಕ್ಟರ ಹತ್ತಿರ ಮಧ್ಯಾಹ್ನದವರೆಗೆ ಪಾಳಿ ಕಾದು, ಇದ್ದದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ಇದನ್ನ ಆವತ್ತ ಹೇಳಿದ್ರ ಆವತ್ತ ಅವರನ್ನ ಔಷಧದಿಂದ ದೂರ ಇಡತಿದ್ದೆ" ಎಂದರು. "ಈಗ ಕರಕೊಂಡ ಬರ್ರಿ, ಮತ್ತೊಮ್ಮೆ ನೋಡೂಣು. ಹೋದದ್ದೆಲ್ಲಾ ತಿರಗಿ ಬರ್ತೈತಿ ಅಂತ ಹೇಳಾಂಗಿಲ್ಲ."

"ನಾ ಕರಕೊಂಡ ಬರಾಕ ಆಗೂದಿಲ್ಲ ರಿ. ಒಂದ ಕಾಗದ ಬರದ ಕೊಡ್ರಿ. ಕನ್ನಡದಾಗ ಬರೀರಿ."

ಡಾಕ್ಟರು ಬರೆದುಕೊಟ್ಟರು.

ಕಾಗದ ಹಿಡಿದು ಅವರ ಮನೆ ಮುಂದೆ ನಿಂತಾಗ ಆಕೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಆಚೀಚೆ ಮನೆಯ ಹೆಂಗಸರೂ ಇದ್ದರು. ನಾನು ಕಾಗದ ಚಾಚಿದೆ. ಆಕೆ ತೆಗೆದುಕೊಳ್ಳಲಿಲ್ಲ.

"ನನಗ ಓದಾಕ ಬರೂದಿಲ್ಲ, ನಿಮಗ ಗೊತ್ತೈತಿ" ಎಂದಳು. "ನೀವ ಓದ್ರಿ. ಗಟ್ಟಿಯಾಗಿ ಓದ್ರಿ. ಒಂದ ಸಾಲೂ ಬಿಡಬ್ಯಾಡ್ರಿ."

ಬೀದಿಯಲ್ಲಿ ನಿಂತು ಓದಿದೆ. ಇವರಿಗೆ ಕುಡಿತದ ಚಟವಿಲ್ಲ. ಹಿಂದೆ ಕೊಟ್ಟ ಮಾಹಿತಿ ತಪ್ಪಾಗಿತ್ತು. ಬಹಳ ವರ್ಷ ಕೈ, ಮೈ ಮುಚ್ಚಿಕೊಳ್ಳದೆ ಬೆಳೆಗೆ ಔಷಧ ಹೊಡೆದಿದ್ದಾರೆ. ಕೈಕಾಲಿನ ಜೋಮು ಮತ್ತು ನಡುಕಕ್ಕೆ ಅದು ಕಾರಣವಾಗಿರಬಹುದು. ಮರಳಿ ತಪಾಸಣೆ ಬೇಕು. ಇನ್ನು ಮುಂದೆ ಔಷಧದ ಹತ್ತಿರ ಹೋಗಬಾರದು. ಅಷ್ಟೇ ಇತ್ತು. ಮುಗಿದ ಮೇಲೆ ಆಕೆ, "ಇನ್ನೊಮ್ಮೆ" ಎಂದಳು. ಇನ್ನೊಮ್ಮೆ ಓದಿದೆ. ಮೊರದ ಸದ್ದುಗಳೆಲ್ಲ ನಿಂತಿದ್ದವು. ಬಾಜೂ ಮನೆಯ ಮುದುಕಿ, "ಎಪ್ಪಾ, ನೀ ಓದಿದಾವಾಗಿ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಆಕೆ ಎದ್ದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಒಳಗೆ ಬರ್ರಿ ಎಂದೂ ಹೇಳಲಿಲ್ಲ. ಅವನು ಒಳಗಿನಿಂದ ಕೇಳಿದ್ದು ನನಗೆ ಕೇಳಿಸಿತು.

"ಯಾರ ಬಂದಿದ್ರ?"

"ಯಾರಿಲ್ಲ" ಎಂದಳು. "ಕಾಗದ ಓದಾವ್ರು."